ಎರಡನೇ ಅಳತೆ

ಮೊದಲು ದಾರ. ಹುಬ್ಬಿಗಿಂತ ಒಂದು ಬೆರಳು ಮೇಲೆ,
ಕಿವಿಗಳ ಮೇಲಂಚು ಸವರಿ, ಹಿಂತಲೆಯ ಉಬ್ಬನ್ನು ಹಾಯ್ದು
ಹೊರಟಲ್ಲಿಗೇ ಬಂದು ಸೇರಬೇಕು.
ಟೇಪು ಕಳೆದು ವರ್ಷವಾಯಿತು. ನನ್ನಲ್ಲಿರುವುದು
ಆಡಿನ ಉಣ್ಣೆಯ ಎಳೆ; ಎಳೆದರೆ ಹಿಗ್ಗುತ್ತದೆ.
ಅದಕ್ಕೇ ಮೂರು ಸಲ ಅಳೆಯುತ್ತೇನೆ,
ಎರಡು ಸಲ ಒಂದೇ ಮಾತಾಡಿದರೆ ನಂಬುತ್ತೇನೆ.

ಮೊಖೊತ್ಲೊಂಗಿನ ಈ ತಗಡಿನ ಶೆಡ್ಡಿನಲ್ಲಿ
ಆರು ಬೈಕು, ಆರು ತಲೆ ನನ್ನ ಲೆಕ್ಕಕ್ಕೆ.
ಮೇಲಿನ ಕ್ಲಿನಿಕ್ಕುಗಳಿಂದ ರಕ್ತದ ಸೀಸೆ, ಕಫದ ಡಬ್ಬಿ
ತಣ್ಣನೆ ಪೆಟ್ಟಿಗೆಯಲ್ಲಿ ಇಳಿಸಿ ತರುವವರು.
ರಸ್ತೆ ಅನ್ನುವುದು ಇಲ್ಲಿ
ಕಲ್ಲುಗಳಿಗೆ ನಾವು ಕೊಟ್ಟ ಮರ್ಯಾದೆ, ಅಷ್ಟೆ.

ದಿಮಕಾತ್ಸೊ ಬಂದದ್ದು ಏಪ್ರಿಲಿನಲ್ಲಿ,
ತಲೆತುಂಬ ಬಿಗಿದು ಹೆಣೆದ ಸಣ್ಣ ಜಡೆಗಳು.
'ಚಿಕ್ಕದಾಯಿತು, ನ್ತಾತೆ. ಕೆನ್ನೆ ಕಚ್ಚುತ್ತೆ.'
ಕಚ್ಚಲಿ.
ಅಂಗಡಿಯಲ್ಲೇ ಹಾಯೆನಿಸಿದ್ದು ತಿಂಗಳಿಗೆ ಸಡಿಲ;
ಸಡಿಲ ಹೆಲ್ಮೆಟ್ಟು ತಲೆ ಕಾಯುವುದಿಲ್ಲ ಮಗಳೇ,
ತಲೆಗೇ ಟೋಪಿ ಹಾಕುತ್ತದೆ.
ಅಲ್ಲಾಡಿಸು. ಇಲ್ಲ ಅನ್ನು. ಇನ್ನೂ ಜೋರಾಗಿ ಇಲ್ಲ ಅನ್ನು.
ಚಿಪ್ಪು ತಿರುಗಿದರೆ ಕೆನ್ನೆಯ ಚರ್ಮವೂ ಎಳೆದುಕೊಂಡು ತಿರುಗಬೇಕು.
ಪಟ್ಟಿಯನ್ನು ಎರಡೂ ಉಂಗುರಗಳಲ್ಲಿ ತೂರಿಸು,
ಹಿಂದಕ್ಕೆ ಮಡಚಿ ಒಂದರೊಳಗೆ ಮಾತ್ರ. ಹಾಂ.
ಗದ್ದದಡಿ ಎರಡು ಬೆರಳು ಹೋಗಬೇಕು, ಮೂರನೆಯದು ಹೋಗಬಾರದು.

ಅಮುಕಿದ ಕೆನ್ನೆ, ಮೀನಿನ ತುಟಿ; ಹಾಗೇ ನಕ್ಕಳು:
'ನಮ್ಮಜ್ಜ ಕುದುರೆಗೆ ಜೀನು ಬಿಗಿಯುವಾಗಲೂ ಇದೇ ಬೆರಳು.'
ಕಾಲು ಗಂಟೆ ಹಾಕಿಕೊಂಡೇ ಕೂತಳು, ಎದುರಿನ ಚಹಾ ಆರಿತು.
ತೆಗೆಸಿ ಹಣೆ ಒತ್ತಿ ನೋಡಿದೆ.
ಒಂದೇ ಕಡೆ ನೋಯುತ್ತಾ? ಇಲ್ಲ.
ಹಾಗಾದರೆ ಅದು ನಿನ್ನದು. ದಾರಕ್ಕೊಂದು ಗಂಟು ಹಾಕಿ
ಮೊಳೆಗೆ ತೂಗುಹಾಕಿದೆ, ಅವಳ ಹೆಸರಿನಡಿ.

ಜುಲೈ. ಕಣಿವೆಗೆ ಹಿಮ ಇಳಿದಿತ್ತು.
ತಾಯಿಯನ್ನು ಮಣ್ಣು ಮಾಡಿ ಆರನೇ ದಿನ ಬಂದಳು,
ತೋಳಿಗೆ ಕಪ್ಪು ಬಟ್ಟೆಯ ತುಂಡು, ನುಣ್ಣಗೆ ಬೋಳಿಸಿದ ತಲೆ.
ಯಾರೊಡನೆಯೂ ಮಾತಿಲ್ಲ. ಹೆಲ್ಮೆಟ್ಟು ಎತ್ತಿ ಹಾಕಿಕೊಂಡಳು,
ಕಿಕ್ ಹೊಡೆದಳು.
ನಿಲ್ಲು, ಅಂದೆ. ಇಲ್ಲ ಅನ್ನು.
ನೋಡಿದಳು, ಇವನಿಗೇನು ಹುಚ್ಚೇ ಎಂಬಂತೆ.
ಇಲ್ಲ ಅನ್ನು, ದಿಮಕಾತ್ಸೊ.

ತಲೆ ತಿರುಗಿತು. ಹೆಲ್ಮೆಟ್ಟು
ಒಂದು ಕ್ಷಣ ತಡೆದು ತಿರುಗಿತು,
ಕಿವಿ ಮಂದವಾದ ಮುದುಕನ ಹಾಗೆ.
ಕೂದಲೆಳೆಯಲ್ಲಿ ಪಾರಾದೆ ಅನ್ನುತ್ತಾರಲ್ಲ,
ಆ ಕೂದಲೆಳೆ ಎಷ್ಟು ಅಗಲವೆಂದು ಆವತ್ತು
ಹಣೆ, ಚಿಪ್ಪಿನ ನಡುವೆ ಬೆರಳು ತೂರಿಸಿ ಕಂಡೆ.

'ಮೇಲೆ ಹನ್ನೊಂದು ಸೀಸೆ ಕಾಯುತ್ತಿವೆ.'
ಕಾಯಲಿ. ಕೂರು.
ಅದೇ ಉಣ್ಣೆಯ ಎಳೆ, ಈ ಸಲ ಬರಿಯ ನೆತ್ತಿಯ ಸುತ್ತ.
ನನ್ನ ಬೆರಳು ಮಂಜು, ಅವಳ ತಲೆ ಬಿಸಿ.
ಎಡಗಿವಿಯ ಮೇಲೆ ಹಳೆಯ ಗಾಯದ ಗೀರು,
ಯಾವ ಮರದಿಂದ ಬಿದ್ದದ್ದೋ, ಯಾರು ಅರಿಸಿನ ಹಚ್ಚಿದ್ದೋ,
ಇಲ್ಲ, ಇಲ್ಲಿ ಅರಿಸಿನವಲ್ಲ, ಲೋಳೆಸರ. ಯಾರು ಹಚ್ಚಿದ್ದೋ.
ಕೇಳಲಿಲ್ಲ. ಎರಡನೇ ಗಂಟು
ಮೊದಲನೆಯದಕ್ಕಿಂತ ಒಂದೂವರೆ ಬೆರಳು ಈಚೆಗೆ ಬಿತ್ತು.

ಡಬ್ಬದಲ್ಲಿ ಬಂದು ಬಿದ್ದಿದ್ದ ದಪ್ಪ ಪ್ಯಾಡುಗಳನ್ನು
ಒಂದೊಂದೇ ಗುಂಡಿಗೆ ಒತ್ತಿ ಕೂರಿಸಿದೆ. ನೆತ್ತಿಗೆ, ಕೆನ್ನೆಗೆ.
ಹಾಕಿಕೊಂಡು ಕಣ್ಣು ಮುಚ್ಚಿ ನಿಂತಳು.
ಕಚ್ಚುತ್ತಾ?
'ಹಿಡಿಯುತ್ತೆ.'

ಕೂದಲು ಬೆಳೆಯುತ್ತದೆ; ಸೆಪ್ಟೆಂಬರಿಗೆ ಮತ್ತೆ ಬಾ, ಅಂದೆ,
ಒಂದೇ ಸಲ ಅಳೆದರೆ ಮುಗಿಯುವುದಿಲ್ಲ ತಲೆ.
ಕೇಳಿಸಿತೋ ಇಲ್ಲವೋ. ಹೊಗೆ, ಹಿಮ, ಕೆಂಪು ಹಿಂದೀಪ.
ಕುರಿದೊಡ್ಡಿಯ ತಿರುವಿನಲ್ಲಿ
ಯಾವುದೋ ಹುಡುಗ ಕೈ ಬೀಸಿರಬೇಕು, ತಲೆ ಹೊರಳಿಸಿದಳು.
ಹೆಲ್ಮೆಟ್ಟೂ ಜೊತೆಗೇ ಹೊರಳಿತು.