ಹೂಂಗುಟ್ಟುವವ

ಮಂಡಕ್ಕಿ ಭಟ್ಟಿಯ ಮೇಲಿನ ಕೋಣೆಯಲ್ಲಿ ಆಂಪ್ಲಿಫೈಯರ್ ಇಲ್ಲ.
ಇದ್ದಿದ್ದರೂ ಏರಿಸಿ ಬಾರಿಸಲು ಓಣಿಯವರು ಬಿಡಬೇಕಲ್ಲ.
ಲ್ಯಾಪ್‌ಟಾಪಿನೊಳಗೇ ಒಂದಿದೆ, ಆಂಪಿನ ವೇಷ:
ತಿರುವಲು ಗುಬ್ಬಿ, ಉರಿಯಲು ಕೆಂಪು ದೀಪ,
ಮುಟ್ಟಿದರೆ ಬಿಸಿಯಾಗದು.

ಗಿಟಾರಿನ ವೈರು ನೇರ ಡಬ್ಬಿಗೆ, ಡಬ್ಬಿಯಿಂದ ಪರದೆಗೆ.
ನಡುವೆ ಮೈಕಿಲ್ಲ. ಹಾಗಾಗಿ
ಕಾದ ಮರಳಲ್ಲಿ ಅಕ್ಕಿ ಅರಳುವ ಸದ್ದು,
ಚೀಲ ಹೊಲಿಯುವವರ ಜಗಳ,
ಅಶೋಕ ರಸ್ತೆಯ ಗೇಟಿನಲ್ಲಿ ಹುಬ್ಬಳ್ಳಿ ಪ್ಯಾಸೆಂಜರಿನ ಕೂಗು
ಯಾವುದೂ ಒಳಗೆ ಬರದು.
ಬರುವುದು ಒಂದೇ:
ಹೂಂ.
ಯಾರೂ ಕಥೆ ಹೇಳದಿದ್ದರೂ
ಹೂಂಗುಟ್ಟುತ್ತ ಕೂತ ಒಬ್ಬ.

ಮೆಹಜಬೀನ್ ಬೇಸನ್ನು ಹೆಗಲಿಗೇರಿಸಿ
ದಪ್ಪ ತಂತಿಯ ಮೂರನೇ ಮೆಟ್ಟು ಒತ್ತಿ ಹಿಡಿದಳು.
"ಜಿ" ಅಂದಳು. "ಅಲ್ಲ, ಜಿಗಿಂತ ಎಳೆಯಷ್ಟು ಮೇಲೆ.
ಲೈನಿನ ಕರೆಂಟು, ಸೆಕೆಂಡಿಗೆ ಐವತ್ತು ಸಲ.
ಊರಿನ ಟ್ಯೂಬ್‌ಲೈಟೆಲ್ಲ ಇದೇ ಶ್ರುತಿ.
ನಾವೇ ತುಸು ಏರಿಸಿಕೊಂಡರೆ
ತಂಬೂರಿ ಪುಕ್ಕಟೆ."

ನಕ್ಕು, ಗೇಟ್ ಹಾಕಿ ನೋಡಿದೆವು:
ಸದ್ದು ಇಷ್ಟಕ್ಕಿಂತ ತಗ್ಗಿದರೆ ಬಾಗಿಲು ಮುಚ್ಚು.
ಮುಚ್ಚಿತು.
ಕೊನೆಯ ಸ್ವರದ ಬಾಲವೂ ಸಂದಿಗೆ ಸಿಕ್ಕಿ ತುಂಡಾಯಿತು.
ಗೇನ್ ಇಳಿಸಿದೆ. ಪರದೆಗೆ ಬೆನ್ನು ಹಾಕಿದೆ,
ಆಮೇಲೆ ಕಿಟಕಿಗೆ, ಆಮೇಲೆ ಬೀರುವಿಗೆ;
ಆಗ್ನೇಯಕ್ಕೆ ತಿರುಗಿದಾಗ ಅರ್ಧ ಅಡಗಿತು
(ವಾಸ್ತುವಿನವರಿಗೆ ಹೇಳಬೇಡಿ).
ಚಾರ್ಜರ್ ಕಿತ್ತೆ; ಬ್ಯಾಟರಿಗೆ ನಲವತ್ತು ನಿಮಿಷದ ಆಯಸ್ಸು.
ಆಗ ಕೇಳಿಸಿತು, ಹೂಂ ತಗ್ಗಿದ ಜಾಗದಲ್ಲಿ,
ಅಷ್ಟು ದಿನ ಅದರ ಬೆನ್ನಿಗೆ ಅವಿತಿದ್ದ ಇನ್ನೊಂದು:
ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ
ಚಟಪಟ, ನಿಂತು, ಮತ್ತೆ ಚಟಪಟ.

ದಾದಾಪೀರ್ ಕಾಕಾ ಮೇಲೆ ಬಂದದ್ದು ಚಹಾದ ಲೋಟ ಒಯ್ಯಲು.
ಹುಬ್ಬಿನ ಮೇಲೂ ಹೊಟ್ಟಿನ ಬೂದಿ.
"ಎಲ್ಲಿ, ಯಾರವನು ನಿಮಗ ತ್ರಾಸು ಕೊಡಾವ?"
ಮಗಳು ಹೆಡ್‌ಫೋನ್ ತೊಡಿಸಿದಳು, ಟೊಪ್ಪಿಯ ಮೇಲೆಯೇ.
ನಾನು ಗಿಟಾರು ಬಾರಿಸಲಿಲ್ಲ.
ನಾವು ಮೂರು ದಿನದಿಂದ ಅಳಿಸಲು ಹೆಣಗಿದ್ದನ್ನು
ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು,
ಮಾತಾಡಹೋದ ನನ್ನನ್ನು ಕೈಯೆತ್ತಿ ಸುಮ್ಮನಿರಿಸಿ.

"ಇದು ನಮ್ಮ ಬ್ಲೋವರು.
ಬ್ರಶ್ಶು ಸವದಾವ, ಕಿಡಿ ಹಾರ್ತಾವ.
ಇನ್ನೆಂಟು ದಿನ ಬಿಟ್ಟಿದ್ರ ಸುಟ್ಟು ಕೂತಿರೋದು."
ಇಳಿದು ಹೋದರು.
ಲೋಟ ಮರೆತಿದ್ದರು.

ಮರುದಿನ ಎರಡು ಕಾರ್ಬನ್ ಬ್ರಶ್. ಸಾಸಿವೆ ನಿಂತಿತು.
ಕೆಲಸ ಮೈಗೆ ಹತ್ತಿತ್ತೋ ಏನೋ, ಕಾಕಾ
ನಮ್ಮನ್ನು ಹಿತ್ತಿಲಿಗೆ ಕರೆದು ಹಲಗೆ ಸರಿಸಿದರು.
ಅರ್ಥಿಂಗ್ ಗುಂಡಿ: ಇದ್ದಿಲು, ಕಲ್ಲುಪ್ಪು,
ಮಾರ್ಚಿಗೇ ಬಿರಿದ ಬಾಯಿ.
"ಇದಕ್ಕ ನೀರು ಕುಡಿಸಿ ಎಷ್ಟು ವರ್ಷ ಆತೋ."
ಮೂರು ಕೊಡ ಸುರಿದೆವು.
ಮಣ್ಣು ಗುಳುಗುಳು ಅಂದದ್ದು ಮಾತ್ರ
ಯಾವ ಟ್ರ್ಯಾಕಿನಲ್ಲೂ ಇಲ್ಲ.

ಟೇಕ್ ಹನ್ನೊಂದು. ಚಾರ್ಜರ್ ಮತ್ತೆ ಗೋಡೆಗೆ.
ತಂತಿಗೆ ಬೆರಳು ತಾಗಿದರೆ ಏನೂ ಇಲ್ಲ.
ಬೆರಳೆತ್ತಿದರೆ, ತುಸುವೇ, ಮೂರು ಮನೆ ಆಚೆಯಿಂದೆಂಬಂತೆ,
ಹೂಂ.
ಅಗ್ಗದ ಪಿಕಪ್ಪು; ಅದಕ್ಕೆ ನೀರು ಹಾಕಿ ಪ್ರಯೋಜನವಿಲ್ಲ.
ಬಾರಿಸುವಷ್ಟು ಹೊತ್ತು ಬಾರಿಸಿ
ಆಮೇಲೂ ಅಂಗೈ ತಂತಿಯ ಮೇಲೆ ಇರಿಸಬೇಕು,
ನಿದ್ದೆಗೆ ಜಾರಿದ ಮಗುವಿನ ಬೆನ್ನಿನಿಂದ
ಕೈ ತೆಗೆಯಲು ಅಂಜಿದ ಹಾಗೆ.

"ಗೇಟ್ ಹಾಕಲಾ?" ಅಂತ ನಾನು.
ಅವಳು ತಲೆಯಾಡಿಸಿದಳು.
ಬೇಸಿನ ಕೊನೆಯ ಜಿ ಇನ್ನೂ ಇಳಿಯುತ್ತಿತ್ತು,
ಪರದೆಯ ಮೇಲೆ ಗೆರೆ ಸಣ್ಣಗಾಗಿ, ಕೂದಲಾಗಿ.
ಇಬ್ಬರೂ ಉಸಿರು ಹಿಡಿದಿದ್ದೆವು,
ಮೈಕಿಲ್ಲ ಎಂಬುದನ್ನು ಮರೆತು.
ಕೆಳಗೆ ಬ್ಲೋವರು ಶುರುವಾದದ್ದು ಪಾದಕ್ಕೆ ಮಾತ್ರ ತಿಳಿಯಿತು.