ಒಂದು ನಿಮಿಷದ ಹಿಲಾಲು

ನಾಕು ಅವ. ಗೇಣುದ್ದ. ಮೈಗೆ ಕೆಂಪು ಕಾಗದ.
ದೋಣಿ ಮಂಜೂರಾದಾಗ ಅದರ ಜೋಡಿ ಕೊಟ್ಟರು,
ಹೆಬ್ಬೆಟ್ಟು ಒತ್ತಿಸಿಕೊಂಡರು.
ಫ್ಲೇರ್ ಅಂತ ಹೆಸರು. ಸಾಬಣ್ಣ ಹಿಲಾಲು ಅಂದ,
ಅದ ಉಳೀತು.

ಎಲ್ಲಿಡೂದು?
ಅಡಿಗಿಮನ್ಯಾಗ ಒಲಿ.
ದೋಣ್ಯಾಗ ಡೀಸೆಲ್ಲು, ಬೀಡಿ.
ಅಟ್ಟದ ಮ್ಯಾಲ ಯಾದಗಿರಿ ಬ್ಯಾಸಗಿ,
ತಗಡಿನ ಕೆಳಗ ಬೆಲ್ಲಾನೂ ಹರೀತದ.
ಕಡೀಕ ತೊಗರಿ ಬೀಜದ ಡಬ್ಬಿ ಬರಿದು ಮಾಡಿ
ಮುಚ್ಚಳಕ್ಕ ಸೈಕಲ್ ಟ್ಯೂಬಿನ ಪಟ್ಟಿ ಬಿಗದು,
ಹಸಿ ಹೀರಲಿ ಅಂತ ಒಂದು ಹಿಡಿ ಹುರಿದ ಅಕ್ಕಿ ಹಾಕಿ
ದೇವರ ಗೂಡಿನ ಬಾಜು ಇಟ್ಟೆ.
ಹೊಳಿಗೆ ಹೊಂಟಾಗ ಎರಡು ಕೊಡತಿದ್ದೆ, ಬುತ್ತಿ ಕೊಟ್ಟಂಗ.
ಬಂದ ಮ್ಯಾಲ ಎಣಿಸಿ ಇಸ್ಕೊತಿದ್ದೆ.

ಬೆಂಕಿ ಆಫೀಸಿನ ಖಾಜಾಸಾಬ ದಂಡಿಗೆ ಬಂದು
ಜೋಳದ ದಂಟು ಹಿಡದು ಕಲಿಸಿದ:
ಗಾಳಿ ಬೆನ್ನಿಗಿರಲಿ. ಕೈ ಪೂರಾ ಚಾಚು.
ದೋಣಿ ಅಂಚಿನ ಆಚಿ, ನೀರಿನ ಮ್ಯಾಲ ಹಿಡಿ.
ಉರಿಯೂದು ಒಂದ ನಿಮಿಷ,
ಮಂದಿ ಕಂಡ ಮ್ಯಾಲ ಹಚ್ಚು, ಬರೇ ಕತ್ತಲಿಗೆ ತೋರಸಬ್ಯಾಡ.
ಅದರ ಕಡೆ ನೀ ನೋಡಬ್ಯಾಡ,
ನೋಡೋರು ಬ್ಯಾರೆ ಇರತಾರ.

ಬ್ಯಾರೆ ಇರತಾರ. ಹೂಂ.

ಮ್ಯಾಲಿನ ಡ್ಯಾಮಿನ ಗೇಟು ತಗದ ರಾತ್ರಿ
ಕೃಷ್ಣಿ ನಟ್ಟನಡು ಫ್ಯಾನಿಗೆ ಹರಕ ಬಲಿ ಸಿಕ್ತು.
ಆರು ಮಂದಿ, ಎರಡು ಆಡು.
ಈಚಿ ದಂಡ್ಯಾಗ ದಸ್ತಗೀರನ ಮಗಳ ಶಾದಿ,
ಸುರಪುರದ ಬ್ಯಾಂಡು.
ನೀರಾಗ ಕೆಂಪು ಹೂವು ಅರಳಿದ್ದ ತಡ
ಹುಡುಗರು ಸೀಟಿ ಹೊಡದರು,
"ಭಲೇ ಸಾಬಣ್ಣ! ಶಾದಿಗೆ ಬಾಣ ಬಿಟ್ಟಾನ!"
ಬ್ಯಾಂಡಿನವ ಇನ್ನಷ್ಟು ಜೋರು ಬಡದ.

ನಾನು ಬಿರ್ಯಾನಿಗೆ ಉಳ್ಳಾಗಡ್ಡಿ ಹೆಚ್ಚತಿದ್ದೆ.
ಕಣ್ಣಾಗ ನೀರು, ನೀರಾಗ ಕೆಂಪು.
ಆರಿತು.
ಮತ್ತೊಂದು ಹತ್ತಿತು.
ಎರಡ ಕೊಟ್ಟಿದ್ದೆ ನಾ.
ಓಡಿ ಹೋಗಿ ಡೋಲಿನ ಕೋಲು ಕಸಗೊಂಡೆ.
ನನಗ ಹುಚ್ಚು ಹಿಡೀತು ಅಂದ್ರು, ಅನ್ನಲಿ.
ಆ ನಿಶ್ಶಬ್ದದಾಗ ಕೇಳಿಸಿತು
ಹೊಳ್ಯಾಗ ಒದರೂ ಧ್ವನಿ.

ಮದುಮಗನ ಟ್ರ್ಯಾಕ್ಟರು ದಂಡಿಗಿಳದು ಲೈಟು ಬಿಟ್ಟಿತು,
ನಾಕು ಹರಗೋಲು ಹೋದವು.
ಒಂದು ಆಡು ಸಿಗಲಿಲ್ಲ.
ಸಾಬಣ್ಣನ ಅಂಗೈಯಾಗ ತೊಗರಿ ಕಾಳಿನಷ್ಟು ಸುಟ್ಟ ಗಾಯ.
ನೋಡಬ್ಯಾಡ ಅಂದದ್ದು ನೋಡಿದ್ದ;
ಮರುದಿನ ಮಧ್ಯಾಹ್ನದ ತನಕ
"ನಿನ್ನ ಮಾರಿ ಮ್ಯಾಲ ಹಸರು ಚುಕ್ಕಿ ಅದ" ಅಂತಿದ್ದ.

ಉಳಿದ ಎರಡರ ತಾರೀಖು ಮುಗದದ.
ಒಲಿಗೆ ಹಾಕಂಗಿಲ್ಲ, ಹೊಳಿಗೆ ಒಗಿಯಂಗಿಲ್ಲ,
ದೀಪಾವಳಿಗೆ ಹುಡುಗರ ಕೈಗಂತೂ ಕೊಡಂಗಿಲ್ಲ.
ಬಸ್ಸಿನಾಗ ತರಬ್ಯಾಡ, ನಾವ ಬಂದು ಒಯ್ತೀವಿ
ಅಂದಾನ ಫೋನಿನಾಗ ಖಾಜಾಸಾಬ.
ಮೂರು ತಿಂಗಳಾತು.

ಈಗ ಆಚಿ ದಂಡ್ಯಾಗ ಏನರೆ ಕೆಂಪಗ ಕಂಡರ ಸಾಕು,
ಯಾರರೆ ಒಬ್ಬರು ಬಾಗಿಲಿಗೆ ಬರತಾರ:
"ಮೋನವ್ವ, ನೋಡಿದೇನು?"
ನಾ ಹೊಸ್ತಿಲ ಮ್ಯಾಲ ನಿಂತು ಎಣಸ್ತೀನಿ.
ಅರವತ್ತು ದಾಟಿದರೂ ಆರಲಿಲ್ಲಂದ್ರ
ಅದು ಬರೇ ಬಲ್ಬು.