ಎಡ ಹಿಂಗಾಲಿನದು

ಬೈತಖೋಲದ ಧಕ್ಕೆಯ ಹಿಂದೆ, ಐಸು ಫ್ಯಾಕ್ಟರಿಯ ಗೋಡೆಗೆ ಆತುಕೊಂಡು
ನನ್ನ ತಗಡಿನ ಶೆಡ್ಡು.
‘ಸುಗಂಧಾ ವೆಲ್ಡಿಂಗ್ ವರ್ಕ್ಸ್’ ಎಂಬ ಬೋರ್ಡು ಓದಿ
ಒಳಗೆ ಬಂದವರು ಮೂಗು ಮುಚ್ಚಿಕೊಂಡು ನಗುತ್ತಾರೆ:
ಸುಟ್ಟ ಗೊರಸು, ಒಣಮೀನು, ಡೀಸೆಲ್ಲು.

ಬೋಟಿನದು ಅನ್ನದ ಕೆಲಸ:
ವಿಂಚಿನ ಹಲ್ಲು, ಬಿರುಕು ಬಿಟ್ಟ ಕಂಬಿ, ಫ್ಯಾನಿನ ಗಾರ್ಡು.
ಲಾಳದ್ದು ಸಂಜೆಯ ಕೆಲಸ.
ಅಮ್ಮ ಅದಕ್ಕೆ ಕೆಲಸ ಅನ್ನುವುದಿಲ್ಲ.

ಹಳಿಯಾಳದ ದಸ್ತಗೀರ ನಾಲಬಂದ ತಿಂಗಳಿಗೊಮ್ಮೆ ಬಸ್ಸಿಳಿದು
ಬೀಚಿನಲ್ಲಿ ಮಕ್ಕಳನ್ನು ಹೊರುವ ಕುದುರೆಗಳಿಗೆ
ಹಳೆಯದು ಕಿತ್ತು ಹೊಸದು ಹೊಡೆದು
ಕಿತ್ತದ್ದನ್ನು ಸಿಮೆಂಟು ಚೀಲದಲ್ಲಿ ನನಗೆ ತೂಗಿ ಕೊಡುತ್ತಾನೆ,
ಮೊಳೆ ಸಮೇತ. ಮೊಳೆಗೂ ಅದೇ ದರ.

ಮುರುಗಲ ಹುಳಿನೀರಲ್ಲಿ ಒಂದಿರುಳು ನೆನೆದರೆ
ತುಕ್ಕು ಬಿಟ್ಟು ನಡಿಗೆ ಕಾಣುತ್ತದೆ.
ಇದು ಮುಂಗಾಲು ಎಳೆಯುವ ಕುದುರೆ,
ಇದು ಹೊರಗಂಚಿಗೆ ಭಾರ ಕೊಡುವುದು,
ಇದಕ್ಕೆ ಮರಳು ಗೊತ್ತು, ಇದು ಬರೀ ಡಾಂಬರು ಕಂಡದ್ದು.
ಓದಬಲ್ಲೆ ಎಂಬ ಜಂಬ ನನಗೆ.

ಐದು ಬೆಸೆದರೆ ಬಂಗಡೆ.
ಎದುರುಬದುರು ಎರಡಿಟ್ಟರೆ ಏಡಿಯ ಇಕ್ಕುಳ.
ಒಂಬತ್ತರಲ್ಲಿ ಗೂಬೆಯೊಂದು ಮಾಡಿದ್ದೆ, ಅದು ಹೋಗಲಿಲ್ಲ;
ಅಮ್ಮ ಅದರ ಮುಖಕ್ಕೆ ಗೋಣಿ ಹೊದಿಸಿ ಮೂಲೆಗೆ ತಿರುಗಿಸಿದ್ದಾಳೆ.

ಗೋವಾದ ಕಾರಿನವರು ಕೇಳುತ್ತಾರೆ,
‘ಕಪ್ಪು ಕುದುರೆಯದೇ ತಾನೆ? ಶನಿಗೆ ಅದೇ ಬೇಕು.’
‘ಬಿಳಿಯದು. ಮೂಗಿನ ಮೇಲೆ ಚೂರು ಕಪ್ಪು.’
ಕೈಗೆ ಹೋದದ್ದು ಮೇಜಿಗೆ ಮರಳುತ್ತದೆ.
ಬೆಸುಗೆಯಲ್ಲಿ ಸುಳ್ಳು ನಿಲ್ಲುವುದಿಲ್ಲ ಅಂತೇನಿಲ್ಲ,
ಗ್ರೈಂಡರು ಹೊಡೆದು ಬಣ್ಣ ಬಳಿದರೆ
ಬಹಳ ದಿನ ನಿಲ್ಲುತ್ತದೆ.
ನನಗೇ ಯಾಕೋ ಬಾಯಿ ಬರುವುದಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ
ಕುದುರೆಯ ಮಕ್ತುಮ ತಾನೇ ಬಂದ.
ಚೀಲವಿಲ್ಲ. ಟವೆಲಿನಲ್ಲಿ ನಾಲ್ಕು ಲಾಳ.
‘ಚಾಂದನೀವು,’ ಅಂದ. ‘ಹೊಟ್ಟಿಶೂಲಿ. ಬೆಳಗಾಗೂದ್ರಾಗ ಮುಗೀತು.’

ನಾನಾಗಲೇ ಮನಸ್ಸಲ್ಲಿ ಕೂಡಿಸುತ್ತಿದ್ದೆ
ಕತ್ತಿಗೆರಡು, ಬೆನ್ನಿಗೆರಡು, ಬಾಲಕ್ಕೆ ಸೈಕಲ್ ಚೈನು.

‘ಕುದುರಿ ಬ್ಯಾಡ. ಕುದುರಿ ಇನ್ನೊಂದೈತಿ ನನ್ನ ಕಡೆ.
ಮರಿ. ಬಕೀಟು ಒದ್ದು ನೀರು ಚೆಲ್ಲತೈತಿ.
ಬಕೀಟಿಗೊಂದು ಸ್ಟ್ಯಾಂಡು ಮಾಡಿಕೊಡು.
ಎಡ ಹಿಂಗಾಲಿಂದು ನೆಲಕ್ಕ ತಾಗಿರಲಿ.
ಆಕಿ ಆ ಕಾಲಮ್ಯಾಲೆ ಎಂದೂ ಭಾರ ಹಾಕಲಿಲ್ಲ.
ಈಗರ ಹಾಕಲಿ.’

ಯಾವುದೆಂದು ಅವನು ತೋರಿಸಬೇಕಾಗಲಿಲ್ಲ.
ಮೂರು ಸವೆದು ಎಲೆಯಾಗಿದ್ದವು.
ಒಂದರ ಅಂಚು ಮಾತ್ರ ಅಂಗಡಿಯಿಂದ ಬಂದಂತೆ.
ಮೂರು ವರ್ಷ ಆ ಕಾಲಿನದು ಚೀಲದಲ್ಲಿ ಬರುತ್ತಲೇ ಇತ್ತು.
ಹೊಸದರಂತಿದೆ, ಚೂಪಾಗಿದೆ ಎಂದು
ಬಂಗಡೆಯ ಬಾಲಕ್ಕೆ ಅದನ್ನೇ ಆರಿಸುತ್ತಿದ್ದೆ.
ಎಷ್ಟು ಜನರ ಗೋಡೆಯ ಮೇಲೆ
ಈಜುತ್ತಿದೆಯೋ ಆ ಕುಂಟು!

ಮೂರನ್ನು ಸುತ್ತಾಗಿ ಬೆಸೆದು
ಟ್ರಾಲಿನ ಹಳೇ ಸರಳು ಮೂರು ಕಾಲಿಗೆ ಕೊಟ್ಟೆ.
ನಾಲ್ಕನೆಯದನ್ನು ಒಂದು ಕಾಲಿನಡಿ ಪಾದವಾಗಿಟ್ಟು
ಉಳಿದೆರಡನ್ನು ಲಾಳದ ದಪ್ಪದಷ್ಟು ಉದ್ದ ಬಿಟ್ಟೆ.
ನಡುವೆ ಕರೆಂಟು ಹೋಯಿತು.
ಕಿಟ್ಟ ಆರುವ ಟಿಕ್ ಟಿಕ್ ಸದ್ದಿನಲ್ಲಿ
ಇಬ್ಬರೂ ಮಾತಾಡದೆ ಕೂತೆವು.

ಇನ್ನೂರೈವತ್ತು ಹೇಳಿದೆ. ಇನ್ನೂರಕ್ಕೆ ಇಳಿಸಿದ.
ಬಕೆಟ್ಟು ತುಂಬಿಸಿ ಇಟ್ಟು, ಬಗ್ಗಿ ನೀರಿನ ಮೈ ನೋಡಿದ.
ಅಲುಗಲಿಲ್ಲ. ಹೆಗಲಿಗೇರಿಸಿಕೊಂಡು
ನೀರಂಚಿನ ಗಟ್ಟಿ ಮರಳಲ್ಲಿ ನಡೆದು ಹೋದ.

ಮುಂದಿನ ತಿಂಗಳು ನಾಲಬಂದ ಸುದ್ದಿ ತಂದ:
ಮರಿ ಈಗಲೂ ಒದೆಯುತ್ತದಂತೆ.
ಬಕೆಟ್ಟು ಉರುಳಿ ದೂರ ಬೀಳುತ್ತದಂತೆ.
ಸ್ಟ್ಯಾಂಡು ನಿಂತಿದೆಯಂತೆ.